ಯೋಗದ ಟವೆಲ್ಲು

ಮಳಖೇಡದಲ್ಲಿ ಬೆವರಲು ಯೋಗವನ್ನೇ ಮಾಡಬೇಕೆಂದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಸುಮ್ಮನೆ ಕೂತರೂ ಧಾರಾಳವಾಗಿ ಇಳಿಯುತ್ತದೆ. ಅಂಥದರಲ್ಲಿ ಸೂರ್ಯ ನಮಸ್ಕಾರಕ್ಕೆ ನಿಂತರೆ ಆ ಸೂರ್ಯನಿಗೇ ಸಂಕೋಚವಾಗಬೇಕು. ಮ್ಯಾಟಿನ ಮೇಲೆ ಬೆವರು ಬಿತ್ತೋ, ಅಧೋಮುಖ ಶ್ವಾನಾಸನದಲ್ಲಿ ಕೈ ಸೇಡಂ ಕಡೆಗೂ ಕಾಲು ಕಲಬುರಗಿ ಕಡೆಗೂ ಹೊರಡುತ್ತವೆ. ಅದಕ್ಕೇ ಮ್ಯಾಟಿನ ಮೇಲೊಂದು ಹತ್ತಿ ಟವೆಲ್ಲು ಬೇಕು.

ನಮ್ಮೂರ ನೇಮಿನಾಥ ಬಸದಿಯ ಜಿನಬಿಂಬಗಳು ಶತಮಾನಗಳಿಂದ ಬರಿಗಲ್ಲಿನ ಮೇಲೇ ಕೂತಿವೆ, ಜಾರಿಲ್ಲ. ಇಲ್ಲಿಂದಲೇ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ ಹುಡುಗನಿದ್ದಾಗ ಬಂಡಾಯದಲ್ಲಿ ಒಮ್ಮೆ ಪಟ್ಟದಿಂದ ಜಾರಿದ. ಗುಜರಾತ್ ಶಾಖೆಯ ಕರ್ಕ ಕೈಹಿಡಿದು ಮತ್ತೆ ಕೂರಿಸಿದ. ಆಮೇಲೆ ದಶಕಗಳ ಕಾಲ ಅಲುಗಲಿಲ್ಲ. ನಮಗೆ ಕರ್ಕನೂ ಇಲ್ಲ, ಕೆಳಗಿರುವುದು ನುಣ್ಣನೆ ಶಹಾಬಾದ್ ಫರಸಿ.

‘ಯೋಗ ಟವೆಲ್’ ಎಂದು ಚೀಟಿ ಹಚ್ಚಿ ಮಾರುವುದು ಬಹುಪಾಲು ಪಾಲಿಯೆಸ್ಟರ್ ಎಳೆಯ ಮೈಕ್ರೋಫೈಬರ್. ಈ ಸೆಕೆಗೆ ಅದನ್ನು ಯಾರು ಸಹಿಸುತ್ತಾರೆ? ಹತ್ತಿಯದು ಬೇಕೆಂದರೆ ಪಕ್ಕದ ಸೋಲಾಪುರದ್ದಿದೆ; ಅಲ್ಲಿಯ ಟೆರ್ರಿ ಟವೆಲ್ಲಿಗೆ ಭೌಗೋಳಿಕ ಸೂಚಕದ ಮಾನ್ಯತೆಯೇ ಇದೆ. ಅಂಗಡಿಯವ “ಮುಟ್ಟಿ ನೋಡ್ರಿ ಸರ್, ಎಷ್ಟ್ ಮೆತ್ತಗ ಅದ!” ಅನ್ನುತ್ತಾನೆ. ಆ ಮೆದುತನಕ್ಕೆ ಮರುಳಾಗಬೇಡಿ. ಅದು ಎಷ್ಟೋ ಸಲ ಗಿರಣಿಯವರು ಕೊಟ್ಟ ಲೇಪ. ಬೆಳಕಿಗೆ ಹಿಡಿದು ನೋಡಿ, ಕುಣಿಕೆಗಳು ಎರಡೂ ಬದಿ ಒತ್ತೊತ್ತಾಗಿರಲಿ. ಚದರ ಮೀಟರಿಗೆ 400 ಗ್ರಾಂ ಆಸುಪಾಸು ತೂಗಿದರೆ ಸಾಕು; 600ರದ್ದು ಕಾಲಡಿ ಮುದ್ದೆಯಾಗುತ್ತದೆ, ಮಳೆಗಾಲದಲ್ಲಿ ಒಣಗುವುದೂ ಇಲ್ಲ. ಇಂಥ ಸ್ನಾನದ ಟವೆಲ್ಲಿನ ಉದ್ದ ಸಾಮಾನ್ಯವಾಗಿ 60 ಇಂಚು, ಮ್ಯಾಟಿನದು 68. ಶವಾಸನದಲ್ಲಿ ತಲೆಯೋ ಹಿಮ್ಮಡಿಯೋ ಹೊರಗುಳಿಯಬೇಕು. ನಾನು ಹಿಮ್ಮಡಿಯನ್ನು ಬಿಟ್ಟುಕೊಟ್ಟಿದ್ದೇನೆ.

ಒಣ ಹತ್ತಿಯೂ ಜಾರುತ್ತದೆ. ಕೈಕಾಲು ಊರುವಲ್ಲಿ ನಾಲ್ಕು ಹನಿ ನೀರು ಚಿಮುಕಿಸಿದರೆ ಹಿಡಿತ ಸಿಗುತ್ತದೆ. ಚಿಮುಕಿಸುವುದನ್ನು ನೋಡಿದ ಮನೆಯಾಕೆ, “ಯೋಗಾ ಮಾಡ್ಲತೀರೋ, ಅಂಗಳಕ್ಕ ಥಳಿ ಹೊಡಿಲತೀರೋ?” ಅಂದಳು.

ಇನ್ನು ಒಗೆತ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಎಲ್ಲ ಕೂತಿರುವುದು ಸುಣ್ಣಕಲ್ಲಿನ ಮೇಲೆ. ಸಿಮೆಂಟ್ ಕಾರ್ಖಾನೆಗೆ ಅದು ಭಾಗ್ಯ, ಟವೆಲ್ಲಿಗೆ ಶನಿ. ಬೋರಿನ ಗಡಸು ನೀರಿಗೆ ಸೋಪು ಬಿದ್ದರೆ ನೊರೆಗಿಂತ ಗಸಿಯೇ ಹೆಚ್ಚು. ಅದು ಕುಣಿಕೆಗಳಲ್ಲಿ ಕೂತು, ಬಿಸಿಲಿಗೆ ಹಾಕಿದ ಟವೆಲ್ಲು ಸಂಜೆಗೆ ಖಡಕ್ ರೊಟ್ಟಿಯಂತಾಗುತ್ತದೆ. ಸೋಪಿನ ಪುಡಿ ಅರ್ಧ ಮಾಡಿ, ಬಟ್ಟೆ ಸೋಡಾ ಒಂದಿಷ್ಟು ಸೇರಿಸಿ. ಆಗಾಗ ಕೊನೆಯ ನೀರಿಗೆ ತುಸು ವಿನೆಗರ್ ಹಾಕಿ ಜಾಲಾಡಿದರೆ ಸುಣ್ಣ ಬಿಡುತ್ತದೆ. ಘಮಘಮ ಕಂಡೀಷನರ್ ಮಾತ್ರ ಬೇಡ. ಎಳೆಗೆ ಜಿಡ್ಡು ಹತ್ತಿಸಿ, ಬೆವರು ಹೀರದಂತೆ ಮಾಡುತ್ತದೆ. ಒಣಹಾಕುವ ಮೊದಲು ಎರಡು ಸಲ ಜೋರಾಗಿ ಝಾಡಿಸಿ, ಕುಣಿಕೆಗಳು ಎದ್ದು ನಿಲ್ಲುತ್ತವೆ. ಯಾವುದಾದರೂ ಕುಣಿಕೆ ಹೊರಬಂದಿದ್ದರೆ ಎಳೆಯಬೇಡಿ. ಎಳೆದರೆ ಪಕ್ಕದವೂ ಹಿಂದೆ ಬರುತ್ತವೆ. ಕತ್ತರಿಯಲ್ಲಿ ಬುಡಕ್ಕೆ ಕತ್ತರಿಸಿದರೆ ಏನೂ ಆಗದು.

ಜೂನ್ 21ರ ಯೋಗ ದಿನಕ್ಕೆ ಈ ಟವೆಲ್ಲನ್ನು ಮೈದಾನಕ್ಕೆ ಒಯ್ಯಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಆ ಹೊತ್ತಿಗೆ ಮುಂಗಾರು ಬಿದ್ದು ಎರೆಮಣ್ಣು ಹಸಿಯಾಗಿರುತ್ತದೆ. ಅಲ್ಲಿಗೆ ಹಳೇ ಜಮಖಾನವೇ ಸರಿ.

ಇಷ್ಟೆಲ್ಲ ಮಾಡಿದರೂ ಟವೆಲ್ಲಿನ ದೊಡ್ಡ ವೈರಿ ಗಡಸು ನೀರಲ್ಲ, ಮನೆಮಂದಿ. ಒಬ್ಬರು ತಲೆ ಒರೆಸಿಕೊಳ್ಳುತ್ತಾರೆ, ಇನ್ನೊಬ್ಬರು ಅದರ ಮೇಲೆ ತೊಳೆದ ತೊಗರಿಬೇಳೆ ಹರವುತ್ತಾರೆ. ಕೇಳಿದರೆ, “ಯೋಗಕ್ಕಂತ ಬ್ಯಾರೆ ಟಾವೆಲ್ ಇಡ್ಲಿಕ್ಕ ನೀವೇನ್ ಋಷಿ ಏನ್ರಿ?” ಆದ್ದರಿಂದ ಸೋಲಾಪುರಕ್ಕೆ ಹೋದವರು ಎರಡು ತನ್ನಿ, ಬಣ್ಣ ಬೇರೆ ಬೇರೆ ಇರಲಿ, ಚೆಂದದ್ದನ್ನು ಮೊದಲೇ ಮನೆಯವರ ಕೈಗೆ ಕೊಟ್ಟುಬಿಡಿ.