ಗರಗಸಕ್ಕೆ ಬಡ್ತಿ

ನಮ್ಮ ಷಡ್ಡಕರಿಗೆ ಹೊಸ ಟೇಬಲ್ ಸಾ ಬೇಕಂತೆ. ಮರಳವಾಡಿಯಲ್ಲಿ ಹಿಂದೆ ರೇಷ್ಮೆಹುಳು ಸಾಕುತ್ತಿದ್ದ ಮನೆಯ ಚಂದ್ರಿಕೆಗಳನ್ನೆಲ್ಲ ಅಟ್ಟಕ್ಕೇರಿಸಿ, ಅಲ್ಲೊಂದು ಕಾರ್ಖಾನೆ ಮಾಡಿಕೊಂಡಿದ್ದಾರೆ. ಕಾರ್ಖಾನೆ ಅಂದರೆ ಅವರಿಗೆ ಖುಷಿ, ಅದಕ್ಕೇ ಹಾಗೆ ಬರೆದೆ. ನಿವೃತ್ತಿಯ ನಂತರದ ಉತ್ಪಾದನೆ: ಊಟದ ಮಣೆಗಳು, ಒಂದು ದೇವರ ಪೀಠ, ಕನಕಪುರದ ದಿಕ್ಕಿಗೆ ವಾಲಿರುವ ಒಂದು ಕಪಾಟು.

ಕಪಾಟು ವಾಲಿದ್ದು ಯಂತ್ರದ ತಪ್ಪು. "ಇದ್ರಲ್ಲಿ ದಮ್ಮಿಲ್ಲ ಕಣ್ರೀ. ಮೂರು ಹೆಚ್‌ಪಿದು ತರ್ಬೇಕು."

ಮೂರು ಹೆಚ್‌ಪಿ ಅಂದರೆ 2,200 ವ್ಯಾಟ್ ದಾಟಿತು. ಸ್ಟಾರ್ಟ್ ಆಗುವಾಗ ಎಳೆಯುವುದು ಇನ್ನೂ ಜಾಸ್ತಿ. ಮನೆಗೆ ಮಂಜೂರಾದ ಲೋಡ್ ಎಷ್ಟು ಅಂತ ಬೆಸ್ಕಾಂ ಬಿಲ್ ನೋಡಿದ್ದೀರಾ ಅಂದೆ. ಅವರು ಮಾತು ಬದಲಿಸಿ ಚನ್ನಪಟ್ಟಣ ಹಿಡಿದರು. ಬೊಂಬೆಯವರೂ ಕೈಲೇತ್ ಬಿಟ್ಟು ಮೋಟಾರಿಗೆ ಹೋಗಲಿಲ್ಲವೇ? ಹೋದರು ಸ್ವಾಮಿ. ಅವರು ಆಲೆಮರದ ತುಂಡು ತಿರುಗುವಾಗ ಅರಗಿನ ಕಡ್ಡಿ ಒತ್ತಿ, ಆ ಉಜ್ಜಾಟದ ಕಾವಿಗೇ ಬಣ್ಣ ಕರಗಿಸಿ ಹಚ್ಚುವವರು. ವೇಗ ಅವರ ಹೊಟ್ಟೆಪಾಡು. ನೀವು ಯುಗಾದಿಗೊಂದು ಮಣೆ ಮಾಡುವವರು.

ಬ್ಲೇಡ್ ಬಿಚ್ಚಿಸಿ ನೋಡಿದೆ. ಹಲ್ಲುಗಳಿಗೆ ಮಾವಿನ ಅಂಟು ಮೆತ್ತಿ ಕಪ್ಪಗಾಗಿತ್ತು. ಸಾಲದ್ದಕ್ಕೆ ಪ್ಲೈವುಡ್ಡಿಗೆಂದು ತಂದ 80 ಹಲ್ಲಿನದರಲ್ಲಿ ದಪ್ಪ ಹಲಗೆಯನ್ನು ಉದ್ದಕ್ಕೆ ಸೀಳಿಸುತ್ತಿದ್ದರು. ಆ ಕೆಲಸಕ್ಕೆ 24 ಹಲ್ಲಿನದು ಬೇಕು. ಹಲ್ಲು ಕಡಿಮೆಯಾದಷ್ಟೂ ಪುಡಿ ಹೊರಬೀಳಲು ಜಾಗ ಹೆಚ್ಚು. ಹಲಗೆಯನ್ನು ಆನಿಸಿ ನೇರಕ್ಕೆ ತಳ್ಳುವ ಪಟ್ಟಿ, ಅಂದರೆ ಫೆನ್ಸ್, ಅಳೆದರೆ ಹಿಂದುಗಡೆ ಬ್ಲೇಡಿನ ಕಡೆಗೇ ಒರಗಿತ್ತು. ಮರ ಸುಟ್ಟು ಕರಿಯಾಗದೆ ಇನ್ನೇನು? ಇಷ್ಟಕ್ಕೆಲ್ಲ ಹೊಸ ಯಂತ್ರ ತರುವುದು ದುಡ್ಡಿಗೆ ದಂಡ.

ಆಗ ಕೊನೆಯ ಬಾಣ ಬಿಟ್ಟರು: ಸುರಕ್ಷತೆ. ಅಮೆರಿಕದ ಸ್ಟೀಫನ್ ಗ್ಯಾಸ್ 1999ರಲ್ಲಿ ಕಂಡುಹಿಡಿದ ಸಾಸ್ಟಾಪ್ ಇದೆಯಲ್ಲ, ಚರ್ಮ ತಾಗಿದರೆ ಸುಮಾರು 5 ಮಿಲಿಸೆಕೆಂಡಿನಲ್ಲಿ ಬ್ಲೇಡ್ ನಿಲ್ಲಿಸುತ್ತದೆ. ಅಲ್ಯೂಮಿನಿಯಂ ತುಂಡೊಂದು ಹಲ್ಲಿಗೆ ನುಗ್ಗಿ ಕಚ್ಚಿಕೊಳ್ಳುತ್ತದೆ. ಪ್ರದರ್ಶನದಲ್ಲಿ ಬೆರಳಿನ ಬದಲು ಸಾಸೇಜ್ ಒಡ್ಡುತ್ತಾರೆ. ಇವರು ಶುದ್ಧ ಸಸ್ಯಾಹಾರಿ. ಬಾಳೆಹಣ್ಣಾದರೆ ನಡೆಯುತ್ತಾ ಅಂದರು. ಬಾಳೆಹಣ್ಣು ಹಾಗಿರಲಿ, ತೀರಾ ಹಸಿಮರವನ್ನೂ ಅದು ಬೆರಳೆಂದು ತಿಳಿದೀತು, ಇವರು ಕೊಯ್ಯುವುದೇ ಹಸಿಮಾವು. ಒಮ್ಮೆ ಕಚ್ಚಿತೆಂದರೆ ಬ್ರೇಕೂ ಹೊಸದು, ಬ್ಲೇಡೂ ಹೊಸದು.

ಸುರಕ್ಷತೆಯ ಮಾತಿಗೆ ಮಾತ್ರ ನಾನು ನಗುವುದಿಲ್ಲ. ಸೀಳು ಮುಚ್ಚಿಕೊಂಡು ಹಿಂದಿನ ಹಲ್ಲು ಮರವನ್ನೆತ್ತಿ ಎದೆಗೆಸೆದರೆ ತಮಾಷೆಯಲ್ಲ. ಅದಕ್ಕೇ ಬ್ಲೇಡಿನ ಬೆನ್ನಿಗೆ, ಸೀಳು ಮುಚ್ಚದಂತೆ ತಡೆಯುವ ತಗಡು, ರೈವಿಂಗ್ ನೈಫ್ ಇರಲೇಬೇಕು. ಅದನ್ನು ಕೂರಿಸಲು ಜಾಗವೇ ಇಲ್ಲದ ಯಂತ್ರವಾದರೆ ಬದಲಿಸಿ, ನಾನೇ ಜೊತೆಗೆ ಬರುತ್ತೇನೆ. ಇವರದರಲ್ಲಿ ಜಾಗ ಇತ್ತು, ನೈಫ್ ಇರಲಿಲ್ಲ. ಎಲ್ಲಿ ಅಂದೆ. "ಅಡ್ಡ ಬರ್ತಿತ್ತು, ಬಿಚ್ಚಿಟ್ಟೆ."

ಕೇಸು ಗೆದ್ದೆ ಅಂದುಕೊಂಡು, ಉದಾರಿಯಾಗಿ ಒಂದು ಮಾತು ಸೇರಿಸಿದೆ: ದೊಡ್ಡ ಯಂತ್ರಗಳಲ್ಲಿ ಇಂಡಕ್ಷನ್ ಮೋಟಾರು, ಹಾಗಾಗಿ ಇದರಂತೆ ಕಿರುಚುವುದಿಲ್ಲ.

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ನಾದಿನಿ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದಳು.

"ಭಾವ, ಅದು ನಿಜವಾಗ್ಲೂ ಸದ್ದು ಮಾಡಲ್ವಾ?"