ಮೇಣ ಕುಡಿದ ಪಂಚಾಂಗ

ನಮ್ಮ ಮಾದಿಹಳ್ಳಿ ಕಡೆ ಜೇನು ಕಿತ್ತ ದಿನ ತುಪ್ಪಕ್ಕೆ ಎಲ್ಲರೂ ಬಟ್ಟಲು ಹಿಡ್ಕೊಂಡು ಬರ್ತಾರೆ, ಹಿಂಡಿದ ಹುಟ್ಟು ಮಾತ್ರ ಬೇಲಿ ಮೂಲೆಗೆ. ಎಸೀಬೇಡ್ರಪ್ಪಾ ಅಂತ ಎಷ್ಟು ಬಾಯಿ ಬಡ್ಕೊಂಡಿದ್ದೀನೋ! ಬಟ್ಟೇಲಿ ಕಟ್ಟಿ ನೀರಲ್ಲಿ ಕುದಿಸಿ ಆರೋಕೆ ಬಿಟ್ಟರೆ ಮೇಣ ಮೇಲೆ ತೇಲಿ ಹಳದಿ ಬಿಲ್ಲೆಯಾಗಿ ಕೂರುತ್ತೆ. ನನ್ನ ಚಿತ್ರಗಳ ಬಂಡವಾಳವೇ ಅದು.

ಮಿಕ್ಕಿದ್ದು ಒಂಚೂರು ರಾಳ, ಬಣ್ಣದ ಪುಡಿ, ಕಾಫಿ ತೋಟದ ಸಿಲ್ವರ್ ಮರದ ಹಲಗೆ. ಬಟ್ಟೆ ಮೇಲೆ ಬಳಿದರೆ ಬಾಗಿದಾಗ ಬಿರುಕು ಬಿಡುತ್ತೆ, ಅದಕ್ಕೇ ಹಲಗೆ. ಮೇಣ 62–64 ಡಿಗ್ರಿಗೆಲ್ಲ ಕರಗುತ್ತೆ, ಹೊಗೆ ಏಳೋವಷ್ಟು ಕಾಯಿಸಬಾರದು. ಬಳಿದು, ಕಾಗದ ಅಂಟಿಸಿ, ಮತ್ತೆ ಬಳಿದು, ಪ್ರತಿ ಪದರಕ್ಕೂ ಬಿಸಿಗಾಳಿ ಹಿಡಿದು ಬೆಸೀಬೇಕು. ಇಲ್ಲದಿದ್ದರೆ ಎದ್ದು ಬರುತ್ತೆ.

ನನಗೆ ಮಜಾ ಅನ್ನಿಸೋದು ಹಳೇ ಪಂಚಾಂಗದ ಹಾಳೆ. ಮೇಣ ಕುಡಿದ ಕಾಗದ ತೆಳುಗಾಜಿನಂತಾಗಿ ಹಿಂಬದಿಯ ಅಚ್ಚು ಮುಂದಕ್ಕೆ ಬರುತ್ತೆ ನೋಡಿ. ಶುಕ್ಲಪಕ್ಷದ ಹಾಳೆ ಅಂಟಿಸಿದ್ದೆ, ಬೆನ್ನಲ್ಲಿದ್ದ ಕೃಷ್ಣಪಕ್ಷ ತಿರುಗುಮುರುಗು ಅಕ್ಷರದಲ್ಲಿ ಎದ್ದು ಬಂತು. ಹುಣ್ಣಿಮೆ, ಅಮಾವಾಸ್ಯೆ ಎರಡೂ ಒಂದೇ ಸಾಲಲ್ಲಿ! ಇದನ್ನ ಕೂತು ಯೋಚಿಸಿ ಬರೆಯೋಕಾಗುತ್ತಾ? ಅಮೆರಿಕದ ಜಾಸ್ಪರ್ ಜಾನ್ಸ್ 1954–55ರಲ್ಲಿ ತನ್ನ ಬಾವುಟದ ಚಿತ್ರಕ್ಕೆ ಮೇಣದ ಜೊತೆ ದಿನಪತ್ರಿಕೆ ಚೂರು ಸೇರಿಸಿದ್ದು ಸುಮ್ಮನೆ ಅಲ್ಲ.

ನಮ್ಮೋರಿಗೇನು ಮೇಣ ಹೊಸದಲ್ಲ. ಹನ್ನೆರಡನೇ ಶತಮಾನದಲ್ಲೇ ಕಲ್ಯಾಣದ ದೊರೆ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಮೇಣದ ವಿಗ್ರಹಕ್ಕೆ ಮಣ್ಣು ಮೆತ್ತಿ, ಕಾಯಿಸಿ, ಮೇಣ ಹರಿಸಿ, ಲೋಹ ಹೊಯ್ಯೋ ಕ್ರಮ ಬರೆಸಿಟ್ಟ. ಅಲ್ಲಿ ವಿಗ್ರಹ ಉಳಿದು ಮೇಣ ಹೋಯ್ತು. ಈ ಚಿತ್ರದಲ್ಲಿ ಮೇಣಾನೇ ಉಳಿಯುತ್ತೆ, ನನಗೆ ಇಷ್ಟ ಆಗೋದೂ ಅದಕ್ಕೇ. ಈಜಿಪ್ಟಿನ ಫಾಯುಮ್‌ನಲ್ಲಿ ಸತ್ತವರ ಮುಖಗಳನ್ನ ಹೀಗೇ ಹಲಗೆ ಮೇಲೆ ಬರೆದು ಸಾವಿರದೆಂಟುನೂರು ವರ್ಷದ ಮೇಲಾಯ್ತು, ಇವತ್ತಿಗೂ ಕಣ್ಣು ಬಿಟ್ಕೊಂಡು ನೋಡ್ತವೆ.

ಚಳೀಲಿ ಚಿತ್ರದ ಮೇಲೆ ಬಿಳೀ ಮಬ್ಬು ಕೂರುತ್ತೆ. ಬೂಷ್ಟು ಅಂತ ಗಾಬರಿ ಬೇಡ, ಹಳೇ ಪಂಚೆ ಚೂರಲ್ಲಿ ಮೆಲ್ಲಗೆ ಉಜ್ಜಿದರೆ ಹೊಳಪು ವಾಪಸ್ಸು. ಮೇಣ ಕಾಸೋ ದಿನ ಕಿಟಕಿ ತೆಗೆದರೆ ಜೇನುಹುಳ ವಿಚಾರಿಸೋಕೆ ಬಂದೇ ಬರ್ತವೆ, ತಮ್ಮ ಮನೆ ವಾಸನೆ ಅಲ್ವಾ?

ಅಂದ ಹಾಗೆ, ನಿಮ್ಮ ಹಿಮ್ಮಡಿ ಒಡಕಿಗೆ ಒಂದು ಬಿಲ್ಲೆ ಎತ್ತಿಟ್ಟಿದ್ದೀನಿ, ಕೊಬ್ಬರಿ ಎಣ್ಣೇಲಿ ಕರಗಿಸಿ ಹಚ್ಚಿ. ಅಟ್ಟದ ಮೇಲೆ ಹಳೇ ಪಂಚಾಂಗ ಇದ್ದರೆ ಮಾತ್ರ ಒಲೆಗೆ ಹಾಕಿಬಿಟ್ಟೀರಿ, ಈ ಕಡೆ ಕೊಡಿ.