ತಪ್ಪು, ತಪ್ಪಿತು, ತಪ್ಪಿಸಿದ: ಸ್ನೂಕರಿನ ಫೌಲ್-ಮಿಸ್ ಸೂತ್ರಕ್ಕೆ ನಿಗಡಿ ಭಾಷ್ಯ

ಗ್ರಂಥಾರಂಭದಲ್ಲಿ ಮೂಲಪುರುಷನನ್ನು ನೆನೆಯುವುದು ವಾಡಿಕೆ. ಸ್ನೂಕರಿನ ಮೂಲಪುರುಷ ನೆವಿಲ್ ಚೇಂಬರ್ಲೇನ್. ಹಿಟ್ಲರನನ್ನು ನಂಬಿ ಕೆಟ್ಟ ಪ್ರಧಾನಿಯಲ್ಲ, ಅದೇ ಹೆಸರಿನ ಸೇನಾಧಿಕಾರಿ. 1875ರಲ್ಲಿ ಜಬಲ್ಪುರದ ದಂಡಿನಲ್ಲಿ ಆಟ ಹುಟ್ಟಿತು. 1882ರಲ್ಲಿ ಊಟಿಯ ಕ್ಲಬ್ಬಿನಲ್ಲಿ ನಿಯಮಗಳು ಬರವಣಿಗೆಗೆ ಇಳಿದವು ಎನ್ನುತ್ತಾರೆ. ಅಂದಮೇಲೆ ಇದು ಅಪೌರುಷೇಯವಲ್ಲ. ಆದರೆ ಪುಣೆ ಪಕ್ಕದ ನಿಗಡಿ ಪ್ರಾಧಿಕರಣದ ಒಂದು ನೆಲಮಾಳಿಗೆಯ ಸ್ನೂಕರ್ ಅಡ್ಡೆಯಲ್ಲಿ ಈ ನಿಯಮ ಹೇಳುವವರ ಗತ್ತು ನೋಡಿದರೆ ವೇದವೇ ಇರಬೇಕು ಅನ್ನಿಸುತ್ತದೆ.

ಇನ್ನು ಅಧಿಕಾರಿ ಯಾರು ಎಂಬ ಪ್ರಶ್ನೆ. ಪಂಕಜ್ ಅಡ್ವಾಣಿ ಪುಣೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಅರವಿಂದ ಸಾವೂರರ ಕೈಕೆಳಗೆ ಪಳಗಿ, 2003ರಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಪಟ್ಟ ಗೆದ್ದರು. ನಮ್ಮದು ಅದರ ಉಲ್ಟಾ: ಗದಗ, ವಿಜಯಪುರದ ಕಡೆ ಹುಟ್ಟಿ, ಪಿಂಪ್ರಿ-ಚಿಂಚವಡದ ಕಾರ್ಖಾನೆಗಳಿಗೆ ಬಂದು, ಪುಣೆಯಲ್ಲಿ ಫೌಲ್ ಮಾಡುವ ಜನ. ಗೆಲುವಿನ ಬಗ್ಗೆ ಅವರು ಬರೆಯಲಿ. ಫೌಲಿನ ಬಗ್ಗೆ ಬರೆಯುವ ಹಕ್ಕು ನಮ್ಮದು.

ಸೂತ್ರ ಇಷ್ಟೇ: ಸರದಿಯ ಚೆಂಡನ್ನು ತಾಗಿಸಲು ಆಟಗಾರ ಕೈಲಾದಷ್ಟೂ ಯತ್ನಿಸಬೇಕು. ತಾಗದಿದ್ದರೆ ಫೌಲ್. ಯತ್ನವೇ ಸಾಲದೆಂದು ರೆಫರಿಗೆ ಅನ್ನಿಸಿದರೆ ‘ಫೌಲ್ ಅಂಡ್ ಎ ಮಿಸ್’. ಫೌಲಿಗೆ ದಂಡ ಕನಿಷ್ಠ 4 ಅಂಕ. ನೀಲಿ, ಗುಲಾಬಿ, ಕಪ್ಪು ನಡುವೆ ಬಂದರೆ ಕ್ರಮವಾಗಿ 5, 6, 7. ಮಿಸ್ ಆದರೆ ದಂಡದ ಜೊತೆಗೆ ಎದುರಾಳಿಗೊಂದು ವರ. ಚೆಂಡುಗಳನ್ನೆಲ್ಲ ಮೊದಲಿದ್ದಲ್ಲೇ ಇಡಿಸಿ, “ಮತ್ತೊಮ್ಮೆ ಹೊಡಿ” ಅನ್ನಬಹುದು. ಮಗ್ಗಿ ತಪ್ಪಿದವನಿಗೆ ನಮ್ಮ ಮಾಸ್ತರರು ಕೊಡುತ್ತಿದ್ದ ಶಿಕ್ಷೆಯೂ ಇದೇ. ಅವರು ಊಟಿಗೆ ಹೋಗಿದ್ದರೆಂಬುದಕ್ಕೆ ಆಧಾರವಿಲ್ಲ.

ಇಲ್ಲಿ ಪೂರ್ವಪಕ್ಷದವರು ಕೇಳುತ್ತಾರೆ: ಫೌಲ್ ಬೇರೆ, ಮಿಸ್ ಬೇರೆ ಯಾಕೆ? ಇಂಗ್ಲಿಷಿನವರಿಗೆ ಈ ಗೊಂದಲ ಸಹಜ, ಎರಡಕ್ಕೂ ಬೇರೆ ಬೇರೆ ಶಬ್ದ. ಕನ್ನಡಕ್ಕೆ ಒಂದೇ ಧಾತು ಸಾಕು. ಮಾಡಿದ್ದು ತಪ್ಪು, ಗುರಿ ತಪ್ಪಿತು, ಬೇಕೆಂತಲೇ ತಪ್ಪಿಸಿದ. ಅಂಗಿಯ ತೋಳು ಚೆಂಡಿಗೆ ಸೋಕಿದರೂ ಫೌಲೇ. ರೆಫರಿ ಕಾಣದಿದ್ದರೆ ಆಟಗಾರನೇ ಹೇಳಿಬಿಡುವುದು ಈ ಆಟದ ಮರ್ಯಾದೆ, ಅದು ತಪ್ಪೊಪ್ಪಿಗೆ. ಮರಾಠಿಯೂ ಹಿಂದೆ ಬಿದ್ದಿಲ್ಲ. ಚೂಕ್ ಅಂದರೆ ತಪ್ಪು, ಗಾಡಿ ‘ಚುಕಲಿ’ ಅಂದರೆ ತಪ್ಪಿತು, ಕರ ‘ಚುಕವಲಾ’ ಅಂದರೆ ತಪ್ಪಿಸಿದ. ಫೌಲ್-ಮಿಸ್ ನಿಯಮ ಅರ್ಥವಾಗಲು ಈ ಎರಡು ಭಾಷೆಯಲ್ಲೊಂದು ಬರಬೇಕು, ನಿಗಡಿಯಲ್ಲಿ ಎರಡೂ ಬರುತ್ತವೆ.

ಉಪನಿಯಮಗಳನ್ನು ಬೇಗ ದಾಟೋಣ. ಚೆಂಡು ಪೂರ್ತಿ ಕಣ್ಣೆದುರಿಗಿದ್ದೂ ಸತತ ಮೂರು ಸಲ ಮಿಸ್ ಆದರೆ ಫ್ರೇಮೇ, ಅಂದರೆ ಆ ಸುತ್ತಿನ ಆಟವೇ, ಹೋಯಿತು. ಎರಡನೆಯದರ ನಂತರ ರೆಫರಿ ಎಚ್ಚರಿಸಬೇಕು. ದಂಡದ ಅಂಕ ಸಿಗದ ಹೊರತು ಗೆಲ್ಲಲಾಗದಷ್ಟು ಒಬ್ಬರು ಹಿಂದೆ ಬಿದ್ದಿದ್ದರೆ, ಬೇಕೆಂತಲೇ ಮಾಡಿದ್ದಲ್ಲವೆಂದು ಕಂಡರೆ, ಮಿಸ್ ಕೂಗುವುದಿಲ್ಲ.

ಈಗ ಉದಾಹರಣೆ, ಅಂದರೆ ನಾನು. ಎದುರಾಳಿ ಗದಗಿನ ಒಬ್ಬ ಲೇಥ್ ಟರ್ನರ್. ಬಿಳಿ ಚೆಂಡನ್ನು ಬ್ರೌನಿನ ಬೆನ್ನಿಗೆ ಕೂರಿಸಿ ನಕ್ಕ. ಕೆಂಪುಗಳೆಲ್ಲ ಆ ತುದಿಗೆ ಗುಂಪಾಗಿದ್ದವು. ಪಕ್ಕದ ಕುಶನ್ನಿಗೆ ಬಡಿದು ಹೋಗಿ ತಾಗಿಸಬಹುದಿತ್ತು. ಆದರೆ ಜೋರಾಗಿ ತಾಗಿದರೆ ಗುಂಪು ಒಡೆದು ಅವನಿಗೆ ಹಬ್ಬ. 4 ಅಂಕ ಕೊಟ್ಟು ಸುಮ್ಮನಿರುವುದೇ ಅಗ್ಗ. ಮೆಲ್ಲಗೆ ಉರುಳಿಸಿದೆ. ಬಿಳಿ ಒಂದು ಗೇಣು ಹಿಂದೆಯೇ ನಿಂತಿತು. “ಛೇ!” ಅಂದೆ, ತುಸು ಹೆಚ್ಚೇ ಗಟ್ಟಿಯಾಗಿ.

ಚಹಾ ಹಿಡಿದು ನಿಂತಿದ್ದ, ಅಂಕ ಬರೆಯುವ ಮಾರ್ಕರ್ ತಲೆ ಎತ್ತದೆ ಹೇಳಿದ: “ಚುಕಲಂ ನಾಹೀ, ಚುಕವಲಂ.” ಟರ್ನರ್ ಕನ್ನಡಿಸಿದ: “ತಪ್ಪಿಲ್ಲ, ತಪ್ಪಿಸ್ಯಾನ.” ನಿಯಮಪುಸ್ತಕ ಪುಟಗಟ್ಟಲೆ ಹೆಣಗುವ ವಿಷಯವಿದು.

ಬಿಳಿಯನ್ನು ವಾಪಸ್ ಎಲ್ಲಿಡಬೇಕು? ಟೀವಿಯ ಪಂದ್ಯಗಳಲ್ಲಿ ರೆಫರಿ ಪರದೆ ನೋಡಿ ಇಡಿಸುತ್ತಾರೆ. ನಮಗಿರುವುದು ಹಸಿರು ಬಟ್ಟೆಯ ಮೇಲಿನ ಒಂದು ಚಹಾ ಕಲೆ. ನಮ್ಮ ಅಕ್ಷಾಂಶ ರೇಖಾಂಶ ಶುರುವಾಗುವುದೇ ಅಲ್ಲಿಂದ. “ಕಲೆಯಿಂದ ಎರಡು ಬೆರಳು” ಎಂದು ನಾನು, “ಯಾರ ಬೆರಳು?” ಎಂದು ಅವನು. ಮಾರ್ಕರನ ಬೆರಳು ಪ್ರಮಾಣವೆಂದು ಇತ್ಯರ್ಥವಾಯಿತು.

ಐದು ಸಲ ಮೆಲ್ಲಗೆ ಹೊಡೆದೆ, ಐದು ಸಲ ಇಡಿಸಿದ, 20 ಅಂಕ ಹೋಯಿತು. ಆರನೆಯದನ್ನು ಪ್ರಾಮಾಣಿಕವಾಗಿ ಹೊಡೆದೆ. ಕೆಂಪುಗಳು ಜಾತ್ರೆ ಮುಗಿದಂತೆ ಚದುರಿದವು, ಟರ್ನರ್ ಒಂದೊಂದಾಗಿ ಆರಿಸಿಕೊಂಡ. ಟೇಬಲ್ ಬಾಡಿಗೆ ಸೋತವನದು, ಕೊಟ್ಟೆ. ಆಕುರ್ಡಿ ಸ್ಟೇಷನ್ ಮುಟ್ಟುವಷ್ಟರಲ್ಲಿ ಲೋನಾವಳೆ ಲೋಕಲ್ ಹೊರಟುಹೋಗಿತ್ತು. ಆ ರಾತ್ರಿ ನನಗೆ ನಿಜವಾಗಿ ತಪ್ಪಿದ್ದು ಅದೊಂದೇ.